ಗ್ರೇಸ್ ಹಾಪರ್: ಪತಂಗದ ಕಥೆಯಲ್ಲಿ ಮರೆಯಾದ ಅಸಲಿ ಕೆಲಸ

ಕಂಪ್ಯೂಟರ್ ಪ್ರೋಗ್ರಾಂನಲ್ಲಿ ತಪ್ಪಿದ್ದರೆ ಅದನ್ನು ಬಗ್ ಎನ್ನುತ್ತಾರೆ. ಬಗ್ ಎಂದರೆ ಹುಳ. ಈ ಹೆಸರು ಹೇಗೆ ಬಂತು ಎಂದು ವಿವರಿಸುವ ಫಾರ್ವರ್ಡ್ ಒಂದು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುತ್ತಿರುತ್ತದೆ. ಅಮೆರಿಕದ ನೌಕಾಪಡೆಯ ಗ್ರೇಸ್ ಹಾಪರ್ ಎಂಬ ಮಹಿಳೆ ಕೆಟ್ಟು ನಿಂತ ಕಂಪ್ಯೂಟರ್ ಬಿಚ್ಚಿ ನೋಡಿದರಂತೆ, ಒಳಗೆ ಪತಂಗವೊಂದು ಸಿಕ್ಕಿಕೊಂಡಿತ್ತಂತೆ, ಅದನ್ನು ಚಿಮಟದಲ್ಲಿ ಹೊರತೆಗೆದು ಬಗ್ ಎಂಬ ಹೆಸರನ್ನು ಜಗತ್ತಿಗೆ ಕೊಟ್ಟರಂತೆ. ಜೊತೆಗೆ ಹಳೆಯ ನೋಟ್‌ಬುಕ್ ಹಾಳೆಗೆ ಅಂಟಿಸಿದ ಪತಂಗದ ಚಿತ್ರವೂ ಇರುತ್ತದೆ.

ಚಿತ್ರ ನಿಜ. ಪತಂಗವೂ ನಿಜ. ಆದರೆ ಆ ಪದ ಅಲ್ಲಿ ಹುಟ್ಟಲಿಲ್ಲ, ಹುಳ ಹಿಡಿದದ್ದು ಹಾಪರ್ ಅವರೂ ಅಲ್ಲ.

ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ಯಾರ ಆರೋಗ್ಯವೂ ಕೆಡುವುದಿಲ್ಲ, ಯಾರ ದುಡ್ಡೂ ಹೋಗುವುದಿಲ್ಲ, ನಿಜ. ಆದರೆ ನಾಲ್ಕು ದಶಕ ದುಡಿದ ಗಣಿತಜ್ಞೆಯೊಬ್ಬರ ಹೆಸರು ಒಂದು ಹುಳಕ್ಕೆ ಅಂಟಿಕೊಂಡು, ಅವರು ನಿಜವಾಗಿ ಮಾಡಿದ ಕೆಲಸ ಪಕ್ಕಕ್ಕೆ ಸರಿದುಹೋಗುತ್ತದೆ. ಆ ಕೆಲಸ ಇಂದು ಕೋಡ್ ಬರೆಯುವ ಪ್ರತಿಯೊಬ್ಬರ ಮುಂದೆಯೂ ಇರುವ ಒಂದು ಪ್ರಶ್ನೆಗೆ ಸಂಬಂಧಿಸಿದ್ದು: ಒಂದು ಚಿಕ್ಕ ಕೆಲಸವನ್ನು ಬೇರೆ ಕಡೆ ಬರೆದಿಟ್ಟು ಬೇಕಾದಾಗ ಕರೆಯಬೇಕೋ, ಅಥವಾ ಇದ್ದಲ್ಲೇ ಬರೆದು ಮುಗಿಸಬೇಕೋ?

ಮೊದಲು ಪತಂಗದ ವಿಷಯ ಮುಗಿಸೋಣ

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್-2 ಎಂಬ ಕಂಪ್ಯೂಟರ್ ಪರೀಕ್ಷೆಯ ಹಂತದಲ್ಲಿತ್ತು. 1947ರ ಸೆಪ್ಟೆಂಬರ್ 9ರಂದು ಅದರ ಒಂದು ರಿಲೇಯಲ್ಲಿ, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚಿನಲ್ಲಿ, ಪತಂಗ ಸಿಕ್ಕಿಕೊಂಡಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದವರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪ್‌ನಿಂದ ಅಂಟಿಸಿದರು. ನಿಜವಾದ ಹುಳ ಸಿಕ್ಕ ಮೊದಲ ಪ್ರಕರಣ ಇದು ಎಂಬ ಅರ್ಥದ ಒಂದು ಸಾಲನ್ನೂ ಪಕ್ಕದಲ್ಲಿ ಬರೆದರು.

ಇಲ್ಲಿರುವ ತಮಾಷೆ ಗಮನಿಸಿ. ಯಂತ್ರದ ದೋಷಕ್ಕೆ ಹುಳ ಎನ್ನುವ ರೂಢಿ ಮೊದಲೇ ಇದ್ದರೆ ಮಾತ್ರ ಈ ಸಾಲಿಗೆ ನಗು ಬರುತ್ತದೆ. ಆ ರೂಢಿ ಇತ್ತು. ಥಾಮಸ್ ಎಡಿಸನ್ 1878ರಲ್ಲೇ ತಮ್ಮ ಪತ್ರಗಳಲ್ಲಿ ಉಪಕರಣಗಳ ದೋಷಕ್ಕೆ ಇದೇ ಪದ ಬಳಸಿದ್ದರು. ಆಗ ಹಾಪರ್ ಇನ್ನೂ ಹುಟ್ಟಿರಲಿಲ್ಲ.

ಹಾಗಾದರೆ ಹಾಪರ್ ಹೆಸರು ಹೇಗೆ ಸೇರಿತು? ಅವರು ಅದೇ ತಂಡದಲ್ಲಿದ್ದರು. ಮುಂದೆ ಊರೂರು ಸುತ್ತಿ ಭಾಷಣ ಮಾಡುವಾಗ ಈ ಕಥೆಯನ್ನು ಸೊಗಸಾಗಿ ಹೇಳುತ್ತಿದ್ದರು. ಕೇಳಿದವರು ಹೇಳಿದವರ ಹೆಸರನ್ನೇ ಕಥೆಗೆ ಅಂಟಿಸಿದರು. ಆ ದಿನಚರಿ ಪುಸ್ತಕ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ, ಪತಂಗವೂ ಅದರಲ್ಲೇ ಇದೆ.

ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವರಿದ್ದಾಗ ಅಲಾರಾಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಹುಟ್ಟಿತು. ಒಂದನ್ನು ಬಿಚ್ಚಿದರು, ಮತ್ತೆ ಜೋಡಿಸಲು ಬರಲಿಲ್ಲ. ಹೇಗಿತ್ತೆಂದು ನೋಡಲು ಇನ್ನೊಂದನ್ನು ಬಿಚ್ಚಿದರು. ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಮನೆಯ ಏಳು ಗಡಿಯಾರಗಳೂ ಬಿಡಿಬಿಡಿಯಾಗಿದ್ದವು. ಅಮ್ಮ ಬಿಚ್ಚುವುದನ್ನು ನಿಲ್ಲಿಸಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರ ಎಂದು ಮಿತಿ ಹಾಕಿದರು ಅಷ್ಟೇ.

ವಾಸ್ಸರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ 1928ರಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿ, 1934ರಲ್ಲಿ ಗಣಿತದಲ್ಲಿ ಪಿಎಚ್‌ಡಿ. ಈ ನಡುವೆ ವಿನ್ಸೆಂಟ್ ಹಾಪರ್ ಅವರನ್ನು ಮದುವೆಯಾಗಿದ್ದರು. ಮುಂದೆ ಆ ಮದುವೆ ಮುರಿದರೂ ಹೆಸರು ಉಳಿಯಿತು. ಓದಿದ ವಾಸ್ಸರ್‌ನಲ್ಲೇ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು.

ಎರಡನೇ ಮಹಾಯುದ್ಧ ಶುರುವಾಗಿ ಅಮೆರಿಕವೂ ಅದಕ್ಕೆ ಇಳಿದಾಗ ಅವರು ನೌಕಾಪಡೆ ಸೇರಲು ಹೊರಟರು. ಅಡ್ಡಿಗಳಿದ್ದವು. ವಯಸ್ಸು 37ಕ್ಕೆ ಬಂದಿತ್ತು, ತೂಕ ನಿಯಮಕ್ಕಿಂತ ಸುಮಾರು 7 ಕಿಲೋ ಕಡಿಮೆಯಿತ್ತು. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರ್‌ನಲ್ಲಿ ಸೇರಿದರು. ತರಬೇತಿಯಲ್ಲಿ ಮೊದಲ ಸ್ಥಾನ ಪಡೆದರು. 1944ರ ಜುಲೈನಲ್ಲಿ ಅವರನ್ನು ಕಳಿಸಿದ್ದು ಹಡಗಿಗಲ್ಲ, ಹಾರ್ವರ್ಡ್‌ನ ಒಂದು ನೆಲಮಾಳಿಗೆಗೆ.

51 ಅಡಿ ಉದ್ದದ ಯಂತ್ರ

ಅಲ್ಲಿ ಹೊವಾರ್ಡ್ ಐಕೆನ್ ಅವರ ಉಸ್ತುವಾರಿಯಲ್ಲಿ ಮಾರ್ಕ್-1 ಎಂಬ ಯಂತ್ರವಿತ್ತು. ಉದ್ದ 51 ಅಡಿ, ಎತ್ತರ 8 ಅಡಿ, ತೂಕ 4 ಟನ್‌ಗೂ ಹೆಚ್ಚು. ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ನಮ್ಮ ಕೈಯಲ್ಲಿರುವ ಸಾಧಾರಣ ಮೊಬೈಲ್ ಅಷ್ಟೇ ಸಮಯದಲ್ಲಿ ನೂರಾರು ಕೋಟಿ ಲೆಕ್ಕ ಮಾಡುತ್ತದೆ.

ಯಂತ್ರಕ್ಕೆ ಆದೇಶ ಕೊಡುತ್ತಿದ್ದುದು ಕಾಗದದ ಉದ್ದ ಪಟ್ಟಿಯಲ್ಲಿ ತೂತು ಕೊರೆದು. ಪಟ್ಟಿ ಮುಂದಕ್ಕೆ ಸರಿದಂತೆ ಒಂದೊಂದೇ ಆದೇಶ ಓದಿ ಯಂತ್ರ ಕೆಲಸ ಮಾಡುತ್ತಿತ್ತು. ಹಾಪರ್ ಈ ಪಟ್ಟಿಗಳನ್ನು ಬರೆದವರಲ್ಲಿ ಮೊದಲಿಗರ ಸಾಲಿನವರು. ಯಂತ್ರದ ಕೈಪಿಡಿಯನ್ನೂ ಅವರೇ ಮುಂದಾಗಿ ಸಿದ್ಧಪಡಿಸಿದರು. 1946ರಲ್ಲಿ ಅಚ್ಚಾದ ಅದು 500 ಪುಟ ದಾಟಿತ್ತು.

ನೋಟ್‌ಬುಕ್ ನೋಡಿ ನಕಲು

ಬೇರೆ ಬೇರೆ ಲೆಕ್ಕಗಳಲ್ಲಿ ಕೆಲವು ಭಾಗಗಳು ಮತ್ತೆ ಮತ್ತೆ ಬರುತ್ತಿದ್ದವು. ಒಂದು ಕೋನದ ಸೈನ್ ಕಂಡುಹಿಡಿಯುವುದು ಅಂಥದ್ದೊಂದು. ಪ್ರತಿಸಲ ಹೊಸದಾಗಿ ಬರೆಯುವ ಬದಲು, ಸರಿಯಾಗಿ ಕೆಲಸ ಮಾಡಿದ ಆದೇಶಗಳನ್ನು ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಒಬ್ಬರು ಇನ್ನೊಬ್ಬರ ನೋಟ್‌ಬುಕ್ ಇಸಿದುಕೊಂಡು ಆ ಭಾಗವನ್ನು ತಮ್ಮ ಪ್ರೋಗ್ರಾಂನ ನಡುವೆ ಕೈಯಾರೆ ನಕಲು ಮಾಡುತ್ತಿದ್ದರು.

1949ರಲ್ಲಿ ಹಾಪರ್ ಫಿಲಡೆಲ್ಫಿಯಾದ ಎಕರ್ಟ್-ಮೌಕ್ಲಿ ಕಂಪನಿ ಸೇರಿದರು. ಅಲ್ಲಿ ಯೂನಿವ್ಯಾಕ್ ಎಂಬ ಹೊಸ ಕಂಪ್ಯೂಟರ್ ತಯಾರಾಗುತ್ತಿತ್ತು. ಯಂತ್ರ ಬದಲಾದರೂ ನಕಲು ಮಾಡುವ ಅಭ್ಯಾಸ ಮುಂದುವರಿದಿತ್ತು, ನಕಲಿನ ತಪ್ಪುಗಳೂ ಮುಂದುವರಿದಿದ್ದವು. ಖಾಲಿ ಜಾಗ ಸೂಚಿಸಲು ಡೆಲ್ಟಾ ಎಂಬ ತ್ರಿಕೋನದ ಗುರುತು ಬರೆದರೆ ಅದು 4ರಂತೆ ಕಾಣುತ್ತಿತ್ತು. ಇಂಗ್ಲಿಷಿನ ಬಿ ಅಕ್ಷರ ಅವಸರದಲ್ಲಿ ಬರೆದರೆ 13 ಆಗುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ವಿಳಾಸದ್ದು. ಆದೇಶಗಳಿಗೆ ಯಂತ್ರದ ಸ್ಮೃತಿಯಲ್ಲಿ ಒಂದೊಂದು ಸ್ಥಾನಸಂಖ್ಯೆ ಇರುತ್ತದೆ. ನಕಲು ಮಾಡಿದ ಭಾಗ ಹೊಸ ಜಾಗದಲ್ಲಿ ಕೂತಾಗ ಅದರ ಎಲ್ಲ ಸಂಖ್ಯೆಗಳನ್ನೂ ಕೂಡಿ ಕಳೆದು ಸರಿಪಡಿಸಬೇಕು. ಗಣಿತದಲ್ಲಿ ಪಳಗಿದವರೂ ಈ ಸಣ್ಣ ಕೂಡುವ ಲೆಕ್ಕದಲ್ಲಿ ಎಡವುತ್ತಿದ್ದರು.

ಫಾರ್ವರ್ಡ್‌ಗಳಲ್ಲೂ ಆಗುವುದು ಇದೇ. ಇಪ್ಪತ್ತು ಜನ ಕೈಯಾರೆ ನಕಲು ಮಾಡಿದರೆ ಇಪ್ಪತ್ತು ಬಗೆಯ ಪಾಠಗಳಾಗುತ್ತವೆ. ಮೂಲದಲ್ಲಿ ತಪ್ಪು ಸಿಕ್ಕಿ ತಿದ್ದಿದರೂ ಹೊರಗೆ ಹೋದ ಪ್ರತಿಗಳು ತಿದ್ದಿಕೊಳ್ಳುವುದಿಲ್ಲ.

ಹಾಪರ್ ಕಂಡುಕೊಂಡ ದಾರಿ

ಅವರ ಆಲೋಚನೆ ಸರಳವಾಗಿತ್ತು. ಕೂಡುವುದು, ನಕಲು ಮಾಡುವುದು ಮನುಷ್ಯರಿಗೆ ಬೇಸರ ತರಿಸುವ ಕೆಲಸ, ಕಂಪ್ಯೂಟರ್ ಹುಟ್ಟಿರುವುದೇ ಅದಕ್ಕೆ. ಹಾಗಾದರೆ ನಕಲು ಮಾಡುವ ಕೆಲಸವನ್ನೂ ಅದಕ್ಕೇ ಒಪ್ಪಿಸಿದರೆ?

1951 ಮತ್ತು 1952ರಲ್ಲಿ ಅವರು ಎ-ಝೀರೋ ಎಂಬ ಪ್ರೋಗ್ರಾಂ ಸಿದ್ಧಪಡಿಸಿದರು. ಪರೀಕ್ಷಿಸಿ ಸರಿ ಎಂದು ಖಾತ್ರಿಯಾದ ಚಿಕ್ಕ ಚಿಕ್ಕ ಭಾಗಗಳನ್ನೆಲ್ಲ ಮ್ಯಾಗ್ನೆಟಿಕ್ ಟೇಪಿನಲ್ಲಿ ಸಂಗ್ರಹಿಸಿ, ಪ್ರತಿಯೊಂದಕ್ಕೂ ಒಂದು ಕರೆಸಂಖ್ಯೆ ಕೊಟ್ಟರು. ಈ ಭಾಗಗಳಿಗೆ ಸಬ್‌ರೂಟೀನ್ ಎಂದು ಹೆಸರು. ಬರೆಯುವವರು ಯಾವ ಸಂಖ್ಯೆಯ ಭಾಗ ಯಾವ ಕ್ರಮದಲ್ಲಿ ಬೇಕು ಎಂದಷ್ಟೇ ಹೇಳಿದರೆ ಸಾಕು. ಎ-ಝೀರೋ ಟೇಪಿನಲ್ಲಿ ಹುಡುಕಿ, ಅವುಗಳನ್ನು ತಂದು ಪ್ರೋಗ್ರಾಂನ ಸರಿಯಾದ ಜಾಗದಲ್ಲಿ ಕೂರಿಸಿ, ವಿಳಾಸಗಳನ್ನು ತಾನೇ ಸರಿಪಡಿಸುತ್ತಿತ್ತು. ಚದುರಿದ್ದನ್ನು ಒಟ್ಟುಗೂಡಿಸುವುದರಿಂದ ಇದಕ್ಕೆ ಕಂಪೈಲರ್ ಎಂದರು. ಕವನ ಸಂಕಲನ ಎನ್ನುವಾಗ ಸಂಕಲನಕ್ಕೆ ಇರುವ ಅರ್ಥವೇ ಅದು.

ಇಲ್ಲೂ ಒಂದು ಎಚ್ಚರಿಕೆ ಬೇಕು. ಜಗತ್ತಿನ ಮೊದಲ ಕಂಪೈಲರ್ ಎಂದು ಎ-ಝೀರೋವನ್ನು ಕರೆಯುವುದುಂಟು. ಇಂದಿನ ಕಂಪೈಲರ್ ಒಂದು ಭಾಷೆಯನ್ನು ಯಂತ್ರದ ಭಾಷೆಗೆ ಅನುವಾದಿಸುತ್ತದೆ, ಎ-ಝೀರೋ ಮುಖ್ಯವಾಗಿ ಜೋಡಿಸುತ್ತಿತ್ತು. ಮ್ಯಾಂಚೆಸ್ಟರ್‌ನಲ್ಲಿ ಆಲಿಕ್ ಗ್ಲೆನ್ನಿ ಕೂಡ 1952ರಲ್ಲೇ ಅನುವಾದಿಸುವ ಕಂಪೈಲರ್ ಮಾಡಿದ್ದರು. ಕೇಂಬ್ರಿಡ್ಜ್‌ನ ಡೇವಿಡ್ ವೀಲರ್ ಮತ್ತು ಸಂಗಡಿಗರು ಅದಕ್ಕೂ ಮೊದಲೇ ಸಬ್‌ರೂಟೀನ್‌ಗಳ ಸಂಗ್ರಹ ಕಟ್ಟಿ, 1951ರಲ್ಲಿ ಆ ಬಗ್ಗೆ ಪುಸ್ತಕ ತಂದಿದ್ದರು. ಹಾಪರ್ ಹಿರಿಮೆಗೆ ಮೊದಲಿಗರು ಎಂಬ ಪಟ್ಟ ಬೇಕಿಲ್ಲ. ಕಂಪ್ಯೂಟರ್ ಬರೀ ಲೆಕ್ಕ ಮಾಡುತ್ತದೆ, ಪ್ರೋಗ್ರಾಂ ಬರೆಯಲಾರದು ಎಂದು ಸುತ್ತಲಿನವರು ನಂಬಿದ್ದಾಗ ಅವರು ಬರೆಸಿ ತೋರಿಸಿದರು.

ಒಗ್ಗರಣೆಯ ಪುಟ

ಇದನ್ನು ಅಡುಗೆ ಪುಸ್ತಕದಿಂದ ಸುಲಭವಾಗಿ ತಿಳಿಯಬಹುದು.

ಸಾರು, ಪಲ್ಯ, ಚಿತ್ರಾನ್ನ, ಒಗ್ಗರಣೆ ಮಂಡಕ್ಕಿ ಎಲ್ಲಕ್ಕೂ ಒಗ್ಗರಣೆ ಬೇಕು. ಪ್ರತಿ ಪುಟದಲ್ಲೂ ಎಣ್ಣೆ ಕಾಯಿಸಿ, ಸಾಸಿವೆ ಹಾಕಿ, ಸಿಡಿದ ಮೇಲೆ ಕರಿಬೇವು ಹಾಕಿ ಎಂದು ಬರೆಯುವ ಬದಲು ಒಂದೇ ಪುಟದಲ್ಲಿ ಬರೆದು, ಉಳಿದೆಡೆ ಒಗ್ಗರಣೆಗೆ ಪುಟ 84 ನೋಡಿ ಎಂದರೆ ಸಾಕು. ಇಂಗು ಸೇರಿಸಬೇಕು ಅನಿಸಿದರೆ ತಿದ್ದಬೇಕಾದದ್ದು ಒಂದೇ ಪುಟ. ಕೋಡ್‌ನಲ್ಲಿ ಹೀಗೆ ಪ್ರತ್ಯೇಕವಾಗಿ ಬರೆದಿಟ್ಟ ಚಿಕ್ಕ ಭಾಗವನ್ನು ಈಗ ಹೆಲ್ಪರ್ ಫಂಕ್ಷನ್, ಅಂದರೆ ಸಹಾಯಕ ಫಂಕ್ಷನ್ ಎನ್ನುತ್ತಾರೆ.

ಈಗ ಇನ್ನೊಂದು ಪುಟ ನೋಡಿ. ಬೆಣ್ಣೆ ದೋಸೆಯ ವಿವರ ಓದುತ್ತಿದ್ದೀರಿ, ಕಾವಲಿ ಒಲೆಯ ಮೇಲಿದೆ. ಬೆಣ್ಣೆ ಹಾಕುವ ವಿಧಾನಕ್ಕೆ ಪುಟ 112 ನೋಡಿ ಎಂದಿದೆ. ಕೈ ಒರೆಸಿಕೊಂಡು ಹಾಳೆ ತಿರುವಿದರೆ ಅಲ್ಲಿರುವುದು ಒಂದೇ ಸಾಲು: ದೋಸೆಯ ಮೇಲೆ ಬೆಣ್ಣೆ ಹಾಕಿ. ಪುಸ್ತಕದ ಬೇರೆ ಯಾವ ಅಡುಗೆಯೂ ಆ ಪುಟಕ್ಕೆ ಕಳಿಸುವುದಿಲ್ಲ. ನೀವು ವಾಪಸ್ ಬರುವಷ್ಟರಲ್ಲಿ ದೋಸೆ ಸೀದಿರುತ್ತದೆ. ಇದು ಬೇಡದ ಸಹಾಯಕ. ಆ ಒಂದು ಸಾಲನ್ನು ದೋಸೆಯ ಪುಟದಲ್ಲೇ ಬರೆದು 112ನೇ ಪುಟ ಹರಿದು ಹಾಕುವುದೇ ಇನ್‌ಲೈನ್ ಮಾಡುವುದು.

ನಿಮ್ಮ ಮೊಬೈಲ್ ಹಿಂದಿನ ಕೋಡ್

ತ್ಯಾವಣಿಗೆಯ ಕಿರಾಣಿ ಅಂಗಡಿಯಲ್ಲಿ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸುತ್ತೀರಿ. ಪರದೆಯ ಮೇಲೆ ಕಾಣುವುದು ಆ್ಯಪ್‌ನ ಮುಖ ಮಾತ್ರ. ಖಾತೆಯಲ್ಲಿ ಹಣವಿದೆಯೇ, ಪಿನ್ ಸರಿಯಿದೆಯೇ ಎಂದು ನೋಡುವ ಕೋಡ್ ಎಲ್ಲೋ ದೂರದ ಸರ್ವರ್‌ಗಳಲ್ಲಿ ಓಡುತ್ತದೆ. ಅದಕ್ಕೆ ಬ್ಯಾಕೆಂಡ್ ಎಂದು ಹೆಸರು. ಅದನ್ನು ವರ್ಷಗಟ್ಟಲೆ ಬೇರೆ ಬೇರೆ ಜನ ಬರೆಯುತ್ತಾರೆ, ತಿದ್ದುತ್ತಾರೆ.

ಅಡಿಕೆ ಖರೀದಿಯ ಬಿಲ್ ಮಾಡುವ ಒಂದು ಬ್ಯಾಕೆಂಡ್ ಕಲ್ಪಿಸಿಕೊಳ್ಳಿ. ಬಿಲ್ ಮಾಡುವ ಫಂಕ್ಷನ್ ಮೊತ್ತಕ್ಕಾಗಿ ಇನ್ನೊಂದು ಸಹಾಯಕ ಫಂಕ್ಷನ್ ಕರೆಯುತ್ತದೆ. ಮುನ್ನೂರು ಸಾಲು ಕೆಳಗಿರುವ ಆ ಸಹಾಯಕ ಮಾಡುವುದು ತೂಕವನ್ನು ದರದಿಂದ ಗುಣಿಸುವುದಷ್ಟೇ. ಅದನ್ನು ಬೇರೆ ಯಾರೂ ಕರೆಯುವುದಿಲ್ಲ. ಬಿಲ್‌ನಲ್ಲಿ ತಪ್ಪು ಬಂದ ದಿನ ಹುಡುಕುವವರು ಅಲ್ಲಿಗೆ ಇಳಿದು, ಓದಿ, ಮತ್ತೆ ಮೇಲೆ ಬರಬೇಕು. ಇಂಥ ಹತ್ತು ಸಹಾಯಕರಿದ್ದರೆ ಹತ್ತು ಸಲ ಓಡಾಟ. ಒಂದು ಸಹಿಗೆ ಚನ್ನಗಿರಿಗೆ ಹೋದರೆ ಅಲ್ಲಿಂದ ದಾವಣಗೆರೆಗೆ ಅಟ್ಟಿದ ಹಾಗೆ. ತೂಕ ಗುಣಿಸು ದರ ಎಂದು ಬಿಲ್ ಫಂಕ್ಷನ್‌ನಲ್ಲೇ ಬರೆದರೆ ಕಣ್ಣೆದುರೇ ಎಲ್ಲ ಇರುತ್ತದೆ.

ಹಾಪರ್ ಇಷ್ಟು ಕಷ್ಟಪಟ್ಟು ಬಿಡಿಸಿದ ನಕಲಿನ ತೊಂದರೆಯನ್ನೇ ನಾವು ಮತ್ತೆ ತಂದುಕೊಂಡಂತಾಯಿತಲ್ಲವೇ? ಇಲ್ಲ. ಅವರ ತೊಂದರೆ ಬಂದದ್ದು ಒಂದೇ ಭಾಗ ಹಲವು ಕಡೆ ನಕಲಾದಾಗ. ಒಂದೇ ಕಡೆಯಿಂದ ಕರೆಯುವ ಫಂಕ್ಷನ್ ಅನ್ನು ಅಲ್ಲೇ ಬರೆದು ಮೂಲವನ್ನು ಅಳಿಸಿದರೆ ಪ್ರತಿಗಳ ಸಂಖ್ಯೆ ಹೆಚ್ಚುವುದಿಲ್ಲ. ಮೊದಲೂ ಒಂದು, ಈಗಲೂ ಒಂದು.

ಹಾಗೆಂದು ಕಂಡ ಸಹಾಯಕರನ್ನೆಲ್ಲ ತೆಗೆಯುವಂತಿಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದನ್ನು ಎಷ್ಟು ಕಡೆಯಿಂದ ಕರೆಯುತ್ತಾರೆ? ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ನಿಯಮ ಬಿಲ್, ರಸೀದಿ, ತಿಂಗಳ ಲೆಕ್ಕ ಮೂರರಲ್ಲೂ ಬೇಕಿದ್ದರೆ ಅದು ಪ್ರತ್ಯೇಕವಾಗಿಯೇ ಇರಲಿ. ಇದರ ಹೆಸರು ಒಳಗಿನ ಕೋಡ್‌ಗಿಂತ ಹೆಚ್ಚು ತಿಳಿಸುತ್ತದೆಯೇ? ಗೋಜಲಾದ ಲೆಕ್ಕಕ್ಕೆ ಒಳ್ಳೆಯ ಹೆಸರು ದಾರಿದೀಪ, ಕರೆಯುವವರು ಒಬ್ಬರೇ ಆದರೂ ಅದನ್ನು ಉಳಿಸಬಹುದು. ಇದನ್ನು ಬೇರೆಯಾಗಿ ಪರೀಕ್ಷಿಸುವ ಅಗತ್ಯವಿದೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಮಾತ್ರ ತೆಗೆಯಿರಿ, ತೆಗೆದ ಮೇಲೆ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸಿ.

ಇಲ್ಲೊಂದು ತಪ್ಪು ನಂಬಿಕೆಯೂ ಇದೆ: ಫಂಕ್ಷನ್ ಕಡಿಮೆಯಾದರೆ ಆ್ಯಪ್ ತುಂಬಾ ವೇಗವಾಗುತ್ತದೆ ಎಂಬುದು. ಒಂದು ಫಂಕ್ಷನ್ ಕರೆಯಲು ತಗಲುವ ಸಮಯ ಸಾಮಾನ್ಯವಾಗಿ ತೀರಾ ಕಡಿಮೆ. ಅಲ್ಲದೆ ಅನೇಕ ಭಾಷೆಗಳ ಕಂಪೈಲರ್‌ಗಳು ಚಿಕ್ಕ ಫಂಕ್ಷನ್‌ಗಳನ್ನು ತಾವೇ ಇನ್‌ಲೈನ್ ಮಾಡಿಬಿಡುತ್ತವೆ. ಎ-ಝೀರೋ ಶುರುಮಾಡಿದ ಜೋಡಣೆಯ ಕೆಲಸ ಅಷ್ಟು ಮುಂದುವರಿದಿದೆ. ಆದ್ದರಿಂದ ನಾವು ಕೈಯಾರೆ ಇನ್‌ಲೈನ್ ಮಾಡುವುದು ಹೆಚ್ಚಾಗಿ ಓದುವ ಮನುಷ್ಯರಿಗಾಗಿ.

ಕೋಬಾಲ್ ಮತ್ತು ಬೆಂಗಳೂರು

ಓದುವ ಮನುಷ್ಯರ ಚಿಂತೆ ಹಾಪರ್ ಅವರಿಗೂ ಇತ್ತು. ಲೆಕ್ಕಪತ್ರ ನೋಡುವ ಗುಮಾಸ್ತರಿಗೆ ಗಣಿತದ ಚಿಹ್ನೆಗಳಿಗಿಂತ ಮಾತು ಹತ್ತಿರ ಎಂದು ಅವರು ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯುವ ಫ್ಲೋ-ಮ್ಯಾಟಿಕ್ ಭಾಷೆಯನ್ನು 1950ರ ದಶಕದಲ್ಲಿ ರೂಪಿಸಿದರು. ಒಮ್ಮೆ ಅದೇ ಪ್ರೋಗ್ರಾಂ ಅನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಬರೆದು ಓಡಿಸಿ ತೋರಿಸಿದಾಗ ಕಂಪನಿಯ ಮೇಲಧಿಕಾರಿಗಳು ಗಾಬರಿಯಾದರಂತೆ. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಫ್ರೆಂಚ್ ಹೇಗೆ ತಿಳಿದೀತು ಎಂಬುದು ಅವರ ಅನುಮಾನ. ಯಂತ್ರಕ್ಕೆ ಯಾವ ಭಾಷೆಯೂ ಸ್ವಂತದ್ದಲ್ಲ, ಪದಕ್ಕೆ ಯಾವ ಆದೇಶ ಎಂದು ನಾವು ಹೇಳಿಕೊಟ್ಟರಾಯಿತು. ಅದು ಕನ್ನಡವೂ ಆಗಬಹುದು.

1959ರಲ್ಲಿ ಎಲ್ಲ ಕಂಪನಿಗಳ ಯಂತ್ರಗಳಿಗೂ ಹೊಂದುವ ಒಂದು ಭಾಷೆಗಾಗಿ ಸಮಿತಿ ರಚನೆಯಾಯಿತು, ಕೋಬಾಲ್ ಹುಟ್ಟಿತು. ಹಾಪರ್ ಒಬ್ಬರೇ ಕೋಬಾಲ್ ಬರೆದರು ಎಂಬ ಫಾರ್ವರ್ಡ್ ಕೂಡ ತಪ್ಪು. ಬರೆದದ್ದು ಸಮಿತಿ, ಅದರಲ್ಲಿ ಜೀನ್ ಸ್ಯಾಮೆಟ್ ಮೊದಲಾದವರಿದ್ದರು. ಹಾಪರ್ ಸಲಹೆಗಾರರಾಗಿದ್ದರು. ಆದರೆ ಅದರ ಬಹುಪಾಲು ರೂಪ ಬಂದದ್ದು ಅವರ ಫ್ಲೋ-ಮ್ಯಾಟಿಕ್‌ನಿಂದ.

ಬ್ಯಾಂಕು, ವಿಮೆ, ಸರ್ಕಾರಿ ಲೆಕ್ಕಗಳಲ್ಲಿ ಕೋಬಾಲ್ ದಶಕಗಟ್ಟಲೆ ಬೇರೂರಿತು. ಆ ಹಳೆಯ ಪ್ರೋಗ್ರಾಂಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯುವ ರೂಢಿಯಿತ್ತು. 2000ನೇ ಇಸವಿ ಹತ್ತಿರವಾದಾಗ ಅದೇ ವೈ2ಕೆ ಸಮಸ್ಯೆಯಾಯಿತು. ಆ ಕೋಟ್ಯಂತರ ಸಾಲುಗಳನ್ನು ಓದಿ ತಿದ್ದುವ ಕೆಲಸದ ದೊಡ್ಡ ಪಾಲು ಭಾರತದ ಕಂಪನಿಗಳಿಗೆ ಬಂತು, ಬೆಂಗಳೂರಿನ ಐಟಿ ಉದ್ಯಮ ಬೆಳೆಯಲು ಅದೂ ಒಂದು ಕಾರಣ. ಬೇರೆಯವರು ಎಂದೋ ಬರೆದ ಕೋಡ್ ಓದುವುದು ಎಷ್ಟು ಕಷ್ಟ ಎಂದು ಆಗ ದುಡಿದವರಿಗೆ ಗೊತ್ತು.

ಹಿಂದಕ್ಕೆ ಓಡುವ ಗಡಿಯಾರ

ನೌಕಾಪಡೆ 1966ರಲ್ಲಿ ಹಾಪರ್ ಅವರನ್ನು ನಿವೃತ್ತಿಗೊಳಿಸಿತು. ಏಳೆಂಟು ತಿಂಗಳಲ್ಲೇ ತನ್ನ ಕೋಬಾಲ್ ಗೊಂದಲ ಸರಿಪಡಿಸಲು ಆರು ತಿಂಗಳ ಮಟ್ಟಿಗೆ ಎಂದು ಮತ್ತೆ ಕರೆಯಿತು. ಆ ಆರು ತಿಂಗಳು ಸುಮಾರು ಹತ್ತೊಂಬತ್ತು ವರ್ಷವಾಯಿತು. 1986ರ ಆಗಸ್ಟ್‌ನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದಾಗ ಅವರಿಗೆ 79 ವರ್ಷ.

ಭಾಷಣಗಳಲ್ಲಿ ಅವರು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡ್, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ, ಬೆಳಕು ಸಾಗುವ ದೂರ ಅದು. ಕಣ್ಣಿಗೆ ಕಾಣದ್ದನ್ನು ಕೈಗೆ ಕೊಡುವ ಉಪಾಯ. ಅವರ ಕಚೇರಿಯಲ್ಲಿ ಮುಳ್ಳುಗಳು ಹಿಂದಕ್ಕೆ ತಿರುಗುವ ಗಡಿಯಾರವೊಂದಿತ್ತು. ಅದೂ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ಮೊದಲಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ ಎಂಬ ಕಾರಣವನ್ನು ಅವರು ಒಪ್ಪುತ್ತಿರಲಿಲ್ಲ. ಬೇಡದ ಸಹಾಯಕ ಫಂಕ್ಷನ್‌ಗಳು ಬ್ಯಾಕೆಂಡ್‌ಗಳಲ್ಲಿ ವರ್ಷಾನುಗಟ್ಟಲೆ ಉಳಿಯುವುದೂ ಇದೇ ಕಾರಣಕ್ಕೆ: ಯಾರೋ ಇಟ್ಟಿದ್ದಾರೆ, ಏನೋ ಇರಬೇಕು ಎಂದು.

1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ ಗ್ರೇಸ್ ಹಾಪರ್ ತೀರಿಕೊಂಡರು. ಅವರ ಹೆಸರಿನ ಯುದ್ಧನೌಕೆ ಇದೆ. 2016ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವಗಳಲ್ಲೊಂದಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಮರಣೋತ್ತರವಾಗಿ ಸಂದಿತು.

ಫಾರ್ವರ್ಡ್ ಮಾಡುವ ಮುನ್ನ

ಪತಂಗ ಸಿಕ್ಕಿದ್ದು ನಿಜ, 1947ರಲ್ಲಿ.
ಬಗ್ ಎಂಬ ಪದ ಅದಕ್ಕಿಂತ ಬಹಳ ಹಳೆಯದು, ಹಾಪರ್ ಕೊಟ್ಟದ್ದಲ್ಲ.
ಕೋಬಾಲ್ ಒಬ್ಬರ ಕೆಲಸವಲ್ಲ, ಅದರ ಬೇರು ಹಾಪರ್ ಅವರ ಫ್ಲೋ-ಮ್ಯಾಟಿಕ್‌ನಲ್ಲಿದೆ.
ನಕಲು ಮಾಡುವ ಕೆಲಸವನ್ನು ಮನುಷ್ಯರಿಂದ ಯಂತ್ರಕ್ಕೆ ದಾಟಿಸಿದ್ದು ಅವರ ದೊಡ್ಡ ಕೊಡುಗೆಗಳಲ್ಲೊಂದು.

ಪತಂಗದ ಚಿತ್ರ ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರನ್ನು ಹೀಯಾಳಿಸಬೇಡಿ. ಚಿತ್ರ ಚೆನ್ನಾಗಿದೆ, ಅದು ಇರಲಿ. ಅದರ ಕೆಳಗೆ ಈ ನಾಲ್ಕು ಸಾಲು ಸೇರಿಸಿ ಕಳಿಸಿ.